ಪ್ರಶ್ನೆಯಿಲ್ಲದ ಸಾಲು

ನದಿಯ ದಡದ ಆಶ್ರಮದಲ್ಲಿ ನಿರಂಜನನೆಂಬ ಶಿಷ್ಯನು ಹನ್ನೊಂದು ಮಂದಿ ಕುಂಬಾರರಿಗೆ ಓದು ಕಲಿಸುತ್ತಿದ್ದನು. ಅವರಲ್ಲಿ ನಲವತ್ತಕ್ಕಿಂತ ಕಿರಿಯರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಅವನು ಗುರುಗಳ ಮುಂದೆ ಬಂದು ನಿಂತನು.

“ಗುರುಗಳೇ, ದ್ಯಾವವ್ವನನ್ನು ತರಗತಿಯಿಂದ ಬಿಡಿಸಲು ಅಪ್ಪಣೆ ಕೊಡಿ.”

“ಆಕೆಗೆ ಓದಲು ಬರುವುದಿಲ್ಲವೇ?”

“ಬರುತ್ತದೆ. ನಂಬಲು ಬರುವುದಿಲ್ಲ.”

“ಏನಾಯಿತು?” ಎಂದರು ಗುರುಗಳು.

“ಕುಂಬಾರರು ಮಣ್ಣು ತೆಗೆಯುವ ಗುಂಡಿಯ ಕುರಿತು ಇಟ್ಟಿಗೆ ಭಟ್ಟಿಯ ಮಾಲೀಕರು ಒಂದು ಕರಾರುಪತ್ರ ಕಳಿಸಿದ್ದಾರೆ. ಅದನ್ನೇ ಬೆಳಿಗ್ಗೆ ಪಾಠವಾಗಿ ಕೊಟ್ಟೆ. ಹತ್ತು ಮಂದಿ ತಡವರಿಸದೆ ಓದಿದರು. ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿದರು. ಸಂಜೆ ಸಹಿ ಹಾಕುತ್ತಾರೆ. ಆಕೆ ಮಾತ್ರ ತನ್ನ ಪಾಲಿನ ಪ್ರತಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.”

ಗುರುಗಳು ದ್ಯಾವವ್ವನನ್ನು ಕರೆಸಿದರು.

“ಯಾಕವ್ವಾ, ಸಹಿ ಹಾಕುವುದಿಲ್ಲವಂತೆ?”

“ಹೆಬ್ಬೆಟ್ಟು ಒತ್ತೋ ಕಾಲಕ್ಕ ಮೂರು ಊರಾಗ ಮೂವರ ಕಡೆ ಓದಸ್ತಿದ್ದೆ, ಅಜ್ಜಾರ. ಮೂವರ ಮಾತೂ ಒಂದೇ ಆದ್ರ ಒತ್ತತಿದ್ದೆ. ಈಗ ನಾ ಓದೇನಿ. ಒಬ್ಬರದಾತು. ಇನ್ನಿಬ್ಬರು ಓದಲಿ.”

ನಿರಂಜನನ ದನಿ ಏರಿತು. “ಎಂಟು ತಿಂಗಳು ಕಲಿಸಿದ ನನ್ನ ಮೇಲೆ ಸಂಶಯವೇ?”

“ನಿನ್ನ ಮ್ಯಾಲಲ್ಲೋ ತಮ್ಮಾ, ನನ್ನ ಮ್ಯಾಲ. ನಿನ್ನೆ ಮೊನ್ನೆ ಕಲತಾಕಿ ನಾ. ನನ್ನನ್ನ ಹೆಂಗ ನಂಬಲಿ?”

ಗುರುಗಳು ಅವಳಿಂದ ಕಾಗದವನ್ನು ಪಡೆದು ಶಿಷ್ಯನತ್ತ ತಿರುಗಿದರು.

“ಇದರಲ್ಲಿ ಏನಿದೆ?”

“ಗುಂಡಿಯ ಸುತ್ತ ಬೇಲಿ ಬರುತ್ತದೆ. ಖರ್ಚು ಮಾಲೀಕರದು. ನೂರು ಗಿಡ ನೆಡುತ್ತಾರೆ. ನೆರಳಿಗೆ ಚಪ್ಪರ ಹಾಕಿಸುತ್ತಾರೆ.”

“ನೀನು ಕೇಳಿದ ಪ್ರಶ್ನೆಗಳು?”

“ಗುಂಡಿಯ ಸುತ್ತ ಏನು ಬರುತ್ತದೆ? ಖರ್ಚು ಯಾರದು? ಗಿಡ ಎಷ್ಟು? ನೆರಳಿಗೆ ಏನು?”

“ನೀನೇ ಬರೆದದ್ದೇ?”

“ಅಲ್ಲ. ಕಾಗದದ ಕೆಳಗೇ ಇದ್ದವು. ಕಲಿಯುವವರಿಗೆ ಅನುಕೂಲವಾಗಲೆಂದು ಭಟ್ಟಿಯ ಗುಮಾಸ್ತರು ಬರೆದು ಕಳಿಸಿದ್ದರು.”

ದ್ಯಾವವ್ವ ನಕ್ಕಳು. “ಎಂಥಾ ಪುಣ್ಯಾತ್ಮರಪ್ಪಾ! ನಮ್ಮ ಓದಿನ ಮ್ಯಾಲ ಅವರಿಗೆಷ್ಟು ಕಾಳಜಿ!”

ಗುರುಗಳು ಪ್ರಶ್ನೆಗಳಿದ್ದ ಭಾಗವನ್ನು ಹರಿದು ಒಲೆಗೆ ಹಾಕಿದರು. ಉಳಿದದ್ದನ್ನು ಶಿಷ್ಯನ ಕೈಗೆ ಕೊಟ್ಟರು.

“ಓದು.”

ನಿರಂಜನನು ಓದಿದನು. ಬೇಲಿ. ಖರ್ಚು. ಗಿಡ. ಚಪ್ಪರ. ಐದನೆಯ ಸಾಲಿಗೆ ಬಂದಾಗ ಅವನ ದನಿ ತಗ್ಗಿತು.

“ಬೇಲಿಯ ಬಾಗಿಲಿನ ಬೀಗದ ಕೈ ಮಾಲೀಕರ ಬಳಿಯೇ ಇರತಕ್ಕದ್ದು. ಅವರ ಒಪ್ಪಿಗೆಯಿಲ್ಲದೆ ಯಾರೂ ಮಣ್ಣು ತೆಗೆಯತಕ್ಕದ್ದಲ್ಲ.”

“ಈ ಸಾಲು ಬೆಳಿಗ್ಗೆ ಇರಲಿಲ್ಲವೇ?”

“ಇತ್ತು. ಹತ್ತು ಮಂದಿಯಿಂದ ಹತ್ತು ಸಲ ಓದಿಸಿದ್ದೇನೆ. ಇದರ ಮೇಲೆ ಪ್ರಶ್ನೆ ಇರಲಿಲ್ಲ.”

“ಮಣ್ಣಿಲ್ಲದ ಕುಂಬಾರ ತಿಗರಿ ಮ್ಯಾಲ ಏನ್ ತಿರುಗಸ್ತಾನ?” ಎಂದಳು ದ್ಯಾವವ್ವ. ಈಗ ಅವಳು ನಗುತ್ತಿರಲಿಲ್ಲ.

ನಿರಂಜನನು ಥಟ್ಟನೆ ಬಾಗಿಲತ್ತ ತಿರುಗಿದನು.

“ಈಗಲೇ ಓಡುತ್ತೇನೆ. ಸಹಿ ಹಾಕಬೇಡಿರೆಂದು ಗುರುಗಳೇ ಹೇಳಿದ್ದಾರೆ ಎನ್ನುತ್ತೇನೆ. ನಿಮ್ಮ ಮಾತೆಂದರೆ ಸಾಕು, ಯಾರೂ ಏನನ್ನೂ ಕೇಳುವುದಿಲ್ಲ.”

“ಅವರಿಗೆ ಈ ಕಾಗದ ಕೊಡು,” ಎಂದರು ಗುರುಗಳು. “ನನ್ನ ಹೆಸರು ಕೊಡಬೇಡ.”