ಶೇಕಡಾ ನೂರೈವತ್ತರ ಗಟ್ಟಿಮೇಳ

“ಗುರುಗಳೇ, ಹನ್ನೆರಡು ವರ್ಷದಿಂದ ದಿನಕ್ಕೆ ಸಾವಿರ ಜಪ ಮಾಡುತ್ತಿದ್ದೇನೆ. ಉತ್ತರ ಬಂದಿಲ್ಲ. ಎರಡು ಸಾವಿರ ಮಾಡಲೆ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ಗಣಿತ ಶಿಕ್ಷಕನಿದ್ದ. ಅವನ ಅಕ್ಕನ ಮಗಳಿಗೆ ಮದುವೆ. ಹಿಂದಿನ ದಿನ ಓಲಗದವರು ಬರುವುದಿಲ್ಲವೆಂದು ಹೇಳಿ ಕಳಿಸಿದರು. ಅದೇ ಮುಹೂರ್ತಕ್ಕೆ ಅವರಿಗೆ ಇನ್ನೂ ದೊಡ್ಡ ಛತ್ರ ಸಿಕ್ಕಿತ್ತು. ಅಕ್ಕ ತಲೆಯ ಮೇಲೆ ಕೈಹೊತ್ತು ಕೂತಳು. ತಾಳಿ ಕಟ್ಟುವ ಕ್ಷಣದಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದಂತೆ ವಾದ್ಯ ಮೊಳಗಬೇಕು. ಅದೇ ಗಟ್ಟಿಮೇಳ. ಅದಿಲ್ಲದೆ ತಾಳಿ ಕಟ್ಟಿಸುವ ಪುರೋಹಿತ ಆ ಸೀಮೆಯಲ್ಲಿ ಇರಲಿಲ್ಲ.

“ನನ್ನ ಕಂಪ್ಯೂಟರಿನಲ್ಲಿ ಓಲಗದ ರೆಕಾರ್ಡಿಂಗ್ ಇದೆ ಅಕ್ಕ. ಅದನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್. ಅದು ಕೈಕೊಡುವುದಿಲ್ಲ,” ಎಂದ ಶಿಕ್ಷಕ.

ಮನೆಯಲ್ಲಿ ನುಡಿಸಿ ನೋಡಿದ. ಅಲ್ಲಿ ಕಂಪ್ಯೂಟರಿಗೆ ಟೀವಿ ಜೋಡಿಸಿತ್ತು. ಚಿತ್ರ, ಸದ್ದು ಎರಡೂ ಒಂದೇ ವೈರಿನಲ್ಲಿ ಹೋಗಿ, ಟೀವಿಯಿಂದ ಓಲಗ ಚೆನ್ನಾಗಿ ಬಂತು. ಬೆಳಿಗ್ಗೆ ಕಂಪ್ಯೂಟರನ್ನು ಛತ್ರಕ್ಕೆ ತಂದು, ಟೀವಿಯ ವೈರಿಗೆ ಒಂದು ಹಳೆಯ ಮಾನಿಟರ್ ಸಿಕ್ಕಿಸಿದ. ಆ ಮಾನಿಟರಿಗೆ ಸ್ಪೀಕರ್ ಇರಲಿಲ್ಲ. ಛತ್ರದ ಸ್ಪೀಕರುಗಳ ವೈರನ್ನು ಕಂಪ್ಯೂಟರಿನ ಹಿಂದೆ, ಸ್ಪೀಕರಿಗೆಂದೇ ಇರುವ ಹಸಿರು ತೂತಿಗೆ ಹಾಕಿದ. ಇಷ್ಟನ್ನು ಸರಿಯಾಗಿಯೇ ಮಾಡಿದ. ಮತ್ತೊಮ್ಮೆ ನುಡಿಸಿ ನೋಡಲಿಲ್ಲ. ಒಮ್ಮೆ ಸಾಧಿಸಿದ ಪ್ರಮೇಯವನ್ನು ಮತ್ತೆ ಸಾಧಿಸುವ ರೂಢಿ ಅವನಿಗಿರಲಿಲ್ಲ.

ಮುಹೂರ್ತ ಇದ್ದದ್ದೇ ಹನ್ನೆರಡು ನಿಮಿಷ. ವರ ತಾಳಿ ಎತ್ತಿ ಹಿಡಿದ. ಪುರೋಹಿತರು ಕೈ ಬೀಸಿ “ಗಟ್ಟಿಮೇಳ, ಗಟ್ಟಿಮೇಳ” ಎಂದರು. ಶಿಕ್ಷಕ ಗುಂಡಿ ಒತ್ತಿದ. ಎಲ್ಲೋ ಒಂದು ಮಗು ಅತ್ತದ್ದು ಮಾತ್ರ ಕೇಳಿಸಿತು. ಪುರೋಹಿತರು ವರನ ಕೈ ಹಿಡಿದು ನಿಲ್ಲಿಸಿದರು.

ಹಾಡಿಗೊಂದು ವಾಲ್ಯೂಮ್, ಅದು ಹೊರಡುವ ದಾರಿಗೊಂದು, ಆಚೆ ಛತ್ರದ ಆಂಪ್ಲಿಫೈಯರಿಗೊಂದು. ಮೂರನ್ನೂ ಕೊನೆಯವರೆಗೆ ಏರಿಸಿದ. ಲಿನಕ್ಸ್ ಶೇಕಡಾ ನೂರರಾಚೆಗೂ ಏರಿಸಲು ಬಿಡುತ್ತದೆ. ಜನ್ಮದಲ್ಲಿ ಯಾರಿಗೂ ನೂರಕ್ಕೆ ನೂರು ಕೊಡದವನು ಆ ಹಾಡಿಗೆ ನೂರೈವತ್ತು ಕೊಟ್ಟ. ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಹಸಿರು ಪಟ್ಟಿ ಕುಣಿಯುತ್ತಿತ್ತು. ಛತ್ರ ಮೌನವಾಗಿತ್ತು. ಮುಹೂರ್ತ ಮೀರಲು ಎರಡು ನಿಮಿಷ ಉಳಿಯಿತು.

“ಓಲಗ ಹೊರಡುತ್ತಿದೆ ಅಕ್ಕ, ಇಲ್ಲಿ ನೋಡು,” ಎಂದ.

“ನೋಡೋದಕ್ಕೆ ಅದೇನು ಅರುಂಧತಿ ನಕ್ಷತ್ರವೇನೋ? ಹೊರಟದ್ದು ಎಲ್ಲಿಗೆ ಹೋಗ್ತಿದೆ ಅಂತ ಹುಡುಕೋ, ಪುಣ್ಯಾತ್ಮ,” ಎಂದಳು ಅಕ್ಕ.

ಆ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ. ಔಟ್‌ಪುಟ್ ಪಟ್ಟಿ ತೆರೆದ. ಸದ್ದು ಹೊರಹೋಗುವ ಎರಡು ದಾರಿಗಳ ಹೆಸರಿದ್ದವು: ಟೀವಿಯ ವೈರು, ಹಸಿರು ತೂತು. ಆಯ್ಕೆಯ ಗುರುತು ಇನ್ನೂ ಟೀವಿಯ ವೈರಿನ ಮುಂದೆಯೇ ಇತ್ತು. ಅಷ್ಟೂ ಓಲಗ ಮೂಕ ಮಾನಿಟರಿಗೆ ಹೋಗಿ ಮುಗಿಯುತ್ತಿತ್ತು. ಅವನು ಎರಡನೆಯದನ್ನು ಒತ್ತಿದ.

ಛತ್ರ ಅದುರಿತು. ಬೆಚ್ಚಿಬಿದ್ದ ನಾನೂರು ಜನ ಕೈಯಲ್ಲಿದ್ದ ಅಕ್ಷತೆಯನ್ನು ಒಮ್ಮೆಗೇ ಎಸೆದರು. ಅರ್ಧ ಪುರೋಹಿತರ ಮೇಲೆ ಬಿತ್ತು. ವರ ಮೂರು ಗಂಟನ್ನೂ ಒಂದೇ ಉಸಿರಿನಲ್ಲಿ ಹಾಕಿದ. ವಧು ತಲೆ ತಗ್ಗಿಸುವುದನ್ನು ಮರೆತು ನಕ್ಕಳು. ಅಡುಗೆಯವರು ಸೌಟು ಹಿಡಿದೇ ಓಡಿ ಬಂದು ಕುಣಿದರು. ಅಕ್ಕ ತಮ್ಮನ ಕೆನ್ನೆ ಹಿಂಡಿ ಏನೋ ಹೇಳಿದಳು. ಬೈಗುಳವೋ ಆಶೀರ್ವಾದವೋ ತಿಳಿಯಲಿಲ್ಲ. ಅಪಶಕುನದ ಸದ್ದು ಒಂದೂ ಕೇಳಿಸಲಿಲ್ಲ. ಮಂತ್ರವೂ ಕೇಳಿಸಲಿಲ್ಲ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗಾದರೆ ಎರಡು ಸಾವಿರ ಬೇಡ ಅನ್ನುತ್ತೀರಾ?” ಎಂದ.

“ಹತ್ತು ಸಾವಿರ ಬೇಕಾದರೂ ಮಾಡು, ಅದು ಹೋಗುವ ಕಡೆ ಕೇಳುವವರು ಯಾರಾದರೂ ಇದ್ದಾರೆಯೆ, ಅದನ್ನು ಮೊದಲು ನೋಡಿಕೊ,” ಎಂದರು ಗುರು.