ನೋಡದ ಸಂಸತ್ತಿನ ಭಾಷಣ

ಅದು ಶುರುವಾದದ್ದು ನವೆಂಬರ್ ಹನ್ನೊಂದರ ಮಧ್ಯಾಹ್ನ ಮೂರು ಗಂಟೆಗೆ, ಚಿತ್ರದುರ್ಗದ ಒಂದು ಮಹಿಳಾ ಕಾಲೇಜಿನ ಕಚೇರಿಯಲ್ಲಿ. ರಾಜ್ಯಶಾಸ್ತ್ರದ ಹುಡುಗಿಯರು ಪ್ರತಿವರ್ಷ ಸಂಸತ್ತು ನೋಡಲು ದೆಹಲಿಗೆ ಹೋಗುತ್ತಿದ್ದರು. ಅವರ ಜೊತೆಗೊಬ್ಬ ಮಹಿಳೆ ಹೋಗಬೇಕು, ಬಂದ ಮೇಲೆ ಭಾಷಣ ಮಾಡಬೇಕು ಎಂಬುದು ಪದ್ಧತಿ. ಹಿಂದಿನ ಒಂಬತ್ತು ವರ್ಷವೂ ಹೋಗಿಬಂದವರು ಅಧ್ಯಾಪಕರ ಹೆಂಡತಿಯರು. ಭಾಷಣ ಬರೆದುಕೊಟ್ಟವಳು ಕಚೇರಿಯ ಗುಮಾಸ್ತೆ. ಅವರು ತಂದ ಫೋಟೋಗಳನ್ನು ಫಲಕಕ್ಕೆ ಅಂಟಿಸುವಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

“ಈ ಸಲ ನಮ್ಮ ಮನೆಯವರ ಹೆಸರು ಬರೀರಿ,” ಎಂದರು ಪ್ರಾಂಶುಪಾಲ ರುದ್ರಸ್ವಾಮಿ. “ಭಾಷಣಾನೂ ಇವತ್ತೇ ಕೊಟ್ಟುಬಿಡಿ. ಬಾಯಿಪಾಠ ಮಾಡ್ಕೊಳ್ಳಲಿ.”

“ಆಗಲಿ ಸರ್,” ಎಂದು ಅವಳು ಬರೆದುಕೊಟ್ಟಳು.

ಮರುವಾರ ಪ್ರವಾಸದ ಸಿದ್ಧತಾ ಸಭೆ ನಡೆಯಿತು. “ಮೇಡಂ ಎರಡು ಮಾತಾಡಬೇಕು,” ಎಂದು ಗುಮಾಸ್ತೆಯೇ ಬಹಳ ವಿನಯದಿಂದ ಕೇಳಿಕೊಂಡಳು. ಪ್ರಾಂಶುಪಾಲರ ಪತ್ನಿ ಗಿರಿಜಾಂಬ ಸೆರಗು ಸರಿಮಾಡಿಕೊಂಡು ಎದ್ದರು. ಬಾಯಿಗೆ ಬಂದದ್ದು ಬಾಯಿಪಾಠ ಮಾಡಿದ್ದ ಆ ಭಾಷಣವೊಂದೇ.

“ನಿನ್ನೆ ತಾನೇ ದೆಹಲಿಯಿಂದ ಮರಳಿದೆವು. ರಾಜ್ಯಸಭೆಯ ಗ್ಯಾಲರಿಯಲ್ಲಿ ಕುಳಿತಾಗ ನನಗೆ ರೋಮಾಂಚನವಾಯಿತು...”

“ಮೇಡಂ, ರೈಲಿಗೆ ಇನ್ನೂ ಎರಡು ವಾರ ಇದೆ!” ಎಂದು ಹಿಂದಿನ ಬೆಂಚಿನವಳೊಬ್ಬಳು ಕೂಗಿದಳು. ಸಭೆ ಬಿದ್ದು ಬಿದ್ದು ನಕ್ಕಿತು.

“ನಾನಂತೂ ಹೋಗಲ್ಲ ಕಣ್ರೀ,” ಎಂದು ಗಿರಿಜಾಂಬ ಗಂಡನ ಪಕ್ಕ ಕುಸಿದರು.

ರುದ್ರಸ್ವಾಮಿ ಗುಮಾಸ್ತೆಯತ್ತ ಗುಡುಗಿದರು: “ಏನ್ರೀ ಇದು? ಹೀಗಾ ಬರೆಯೋದು?”

“ನೋಡದೆ ಬರೆದದ್ದಲ್ವಾ ಸರ್, ಹಿಂದಿನ ಒಂಬತ್ತರ ಹಾಗೆ. ನಾನೇ ಒಮ್ಮೆ ನೋಡಿ ಬಂದರೆ ಹತ್ತನೆಯದಾದರೂ ನಿಜವಾದೀತು.”

ಹುಡುಗಿಯರು ಚಪ್ಪಾಳೆ ತಟ್ಟಿದರು. ರುದ್ರಸ್ವಾಮಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ಸರಿ, ನೀವೇ ಹೋಗಿ ಸಾಯಿರಿ,” ಎಂದರು.

ಫಲಕದ ಹಳೆಯ ಫೋಟೋಗಳನ್ನೆಲ್ಲ ಕಿತ್ತು ತನ್ನವಕ್ಕೆ ಜಾಗ ಮಾಡಿಯೇ ಹೊರಡುವುದೆಂದು ಅವಳು ತೀರ್ಮಾನಿಸಿದಳು.