ಮಸಿ ಹಚ್ಚುವವಳ ಮೂರು ಉತ್ತರ

"ಕೇಳಿರಿ, ಕೇಳಿರಿ! ಬಿಳಿಕೋಟೆಯ ಅರಸರಾದ ಬಿಜ್ಜರಸರ ಅಪ್ಪಣೆ! ಅರಸರ ಮೂರು ಒಗಟುಗಳನ್ನು ಬಿಡಿಸಿದವರಿಗೆ ವಿದ್ಯಾಪೀಠದ ಗ್ರಂಥಭಂಡಾರದ ಬೀಗದಕೈ. ಬಿಡಿಸಲು ಬಂದು ತಪ್ಪಿದವರಿಗೆ ತಲೆದಂಡ. ಕುಲ ಕೇಳುವುದಿಲ್ಲ, ಗುರು ಯಾರೆಂದೂ ಕೇಳುವುದಿಲ್ಲ!"

ಡಂಗುರ ಸಾರಿದವನ ದನಿ ವಿದ್ಯಾಪೀಠದ ಜಗುಲಿಯವರೆಗೂ ಬಂತು. ಅಲ್ಲಿ ದ್ಯಾಮವ್ವ ಓಲೆಗರಿಗೆ ಮಸಿ ಹಚ್ಚುತ್ತಿದ್ದಳು. ಪಂಡಿತರು ಕಬ್ಬಿಣದ ಕಂಟದಿಂದ ಗರಿಯ ಮೇಲೆ ಗೀಚಿದರೆ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತಿಕ್ಕಿದಾಗಲೇ ಏಳುತ್ತದೆ. ಹನ್ನೆರಡು ವರ್ಷ ಹೆಬ್ಬೆರಳ ಕೆಳಗೆ ಅಕ್ಷರ ಏಳುವುದನ್ನು ನೋಡಿ ನೋಡಿ, ಒಂದರ ಪಕ್ಕ ಒಂದಿಟ್ಟು, ಯಾರನ್ನೂ ಕೇಳದೆ ಅವಳು ಓದು ಕಲಿತಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು "ಮಸಿ" ಎಂದು.

ಒಳಗೆ ಪಾಠ ನಡೆಯುವಾಗ ಅವಳ ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅದರಲ್ಲೂ ವೈದ್ಯಶಾಲೆಯ ನಾಗದೇವ ಪಂಡಿತನನ್ನು ಕಂಡರೆ. ಅವಳದೇ ವಯಸ್ಸಿನವನು. ಅವಳ ಕೈಗೆ ಸಿಗದ ಗ್ರಂಥಗಳ ಮುಂದೆ ಕೂತು ಅವನು ಆಕಳಿಸುತ್ತಿದ್ದ.

ಒಗಟಿನ ದಿನ ಸಭೆ ತುಂಬಿತ್ತು. ಹಿಂದಿನ ತಿಂಗಳು ಅರಸನ ತಂಗಿ ಪದುಮಲೆ ಜ್ವರದಲ್ಲಿ ತೀರಿಕೊಂಡಿದ್ದಳು. ಔಷಧಿ ತಪ್ಪಿತ್ತು. ಯಾಕೆ ತಪ್ಪಿತೆಂದು ಕೇಳಿದರೆ ವಿದ್ಯಾಪೀಠದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅರಸನ ಕಣ್ಣು ಇನ್ನೂ ಕೆಂಪಗಿತ್ತು. ಅವನು ಮೊದಲ ಒಗಟನ್ನು ಕೇಳಿದ.

"ಒಂದು ಬೀಗವಿದೆ. ಹಾಕಿದವನಿಗೆ ಅದು ಇರುವುದೇ ತಿಳಿಯದು. ಹೊರಗೆ ನಿಂತವನಿಗೆ ಅದರ ಹೊರತು ಬೇರೇನೂ ಕಾಣದು. ಏನದು?"

ಗಣಿತಶಾಲೆಯ ರೇಚಣ್ಣ ಮುನ್ನುಗ್ಗಿ, "ಮಾಯೆ, ಪ್ರಭು" ಎಂದ. ಅರಸ ತಲೆ ಅಲ್ಲಾಡಿಸಿದ. ಭಟರು ರೇಚಣ್ಣನ ಕೈ ಕಟ್ಟಿದರು. ಗಣಿತದವನು ಸೋತದ್ದು ಕಂಡು ನಾಗದೇವನಿಗೆ ನಗು ತಡೆಯಲಾಗಲಿಲ್ಲ. "ಅಹಂಕಾರ, ಪ್ರಭು" ಎಂದ ಅವನು, ಮೀಸೆ ತೀಡುತ್ತಾ. ಅವನ ಕೈಯನ್ನೂ ಕಟ್ಟಿದರು.

ಉಳಿದ ಪಂಡಿತರೆಲ್ಲ ಕಂಬಗಳ ಮರೆಗೆ ಸರಿದರು. ಆಗ ದ್ಯಾಮವ್ವ ಮುಂದೆ ಬಂದಳು.

"ಏ ಮಸಿ," ಎಂದ ನಾಗದೇವ, ಕೈ ಕಟ್ಟಿಸಿಕೊಂಡಿದ್ದರೂ. "ಕೈಯನ್ನಾದರೂ ತೊಳೆದು ಬರಬಾರದಿತ್ತೇ?"

"ತೊಳೆದರೆ ಹೋಗುವ ಮಸಿಯಲ್ಲ ಪಂಡಿತರೇ. ನೀವು ಗೀಚಿದ್ದು ಲೋಕಕ್ಕೆ ಕಾಣುವುದೇ ಇದರಿಂದ." ಅವಳು ಅರಸನ ಕಡೆ ತಿರುಗಿದಳು. "ಬೀಗ ಅಂದರೆ ಕಿರುಬರಹ, ಪ್ರಭು. ಉದ್ದ ಹೆಸರನ್ನು ಎರಡಕ್ಷರಕ್ಕೆ ಮೊಟಕು ಮಾಡುತ್ತಾರಲ್ಲ, ಅದು. ಮೊಟಕು ಮಾಡಿದವರು ಪೂರ್ತಿ ಹೆಸರನ್ನೇ ಬರೆದಂತೆ ಓದಿಕೊಳ್ಳುತ್ತಾರೆ. ಹೊರಗಿನವರಿಗೆ ಆ ಎರಡಕ್ಷರವಷ್ಟೇ ಕಾಣುತ್ತದೆ. ವಿದ್ಯಾಪೀಠದ ನಾಲ್ಕು ಶಾಲೆಗೆ ನಾಲ್ಕು ಬಗೆ. ವೈದ್ಯಶಾಲೆ ಎರಡಕ್ಷರದಲ್ಲಿ ಜ್ವರದ ಬೇರು ಕೇಳಿತು. ಸಸ್ಯಶಾಲೆಯ ಪಟ್ಟಿಯಲ್ಲಿ ಆ ಎರಡಕ್ಷರ ಇರುವುದು ಭೇದಿ ಮಾಡಿಸುವ ಬೇರಿಗೆ. ಪದುಮಲೆಯವರಿಗೆ ಹೋದದ್ದು ಅದೇ. ಅವರವರ ಪಟ್ಟಿಯ ಪ್ರಕಾರ ಯಾರೂ ತಪ್ಪಲಿಲ್ಲ."

ಅರಸ ನಿಧಾನವಾಗಿ ಎರಡನೆಯದನ್ನು ಕೇಳಿದ.

"ಪಕ್ಕದ ಮನೆಯವನು ಉಂಡರೆ ಈ ಮನೆಯವನಿಗೆ ಹೊಟ್ಟೆನೋವು. ನನ್ನ ವಿದ್ಯಾಪೀಠಕ್ಕೆಲ್ಲ ಈ ಕಾಯಿಲೆ ಹಬ್ಬಿದೆ. ತನಗಿದೆ ಎಂದು ಒಬ್ಬ ವೈದ್ಯನೂ ಒಪ್ಪುವುದಿಲ್ಲ. ಯಾವುದದು?"

ದ್ಯಾಮವ್ವನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತಲೆ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ.

"ಮತ್ಸರ, ಪ್ರಭು. ಪಕ್ಕದ ಶಾಲೆಯವರಿಗೆ ತಿಳಿಯಬಾರದೆಂದೇ ಒಂದೊಂದು ಶಾಲೆಯೂ ತನ್ನದೇ ಕಿರುಬರಹ ಕಟ್ಟಿಕೊಂಡಿತು. ಆ ಕಾಯಿಲೆ ನನಗೂ ಇದೆ. ಜ್ವರದ ಬೇರು ಕೇಳಿದ ಆ ಓಲೆಗೆ ಮಸಿ ಹಚ್ಚಿದವಳು ನಾನೇ. ನಾಲ್ಕೂ ಶಾಲೆಯ ಓಲೆ ನನ್ನ ಕೈ ಮೇಲೆ ಹೋಗುತ್ತವೆ. ಈ ಎರಡಕ್ಷರಕ್ಕೆ ಸಸ್ಯಶಾಲೆಯಲ್ಲಿ ಅರ್ಥ ಬೇರೆಯೆಂದು ಹೊಳೆದಿತ್ತು. ಯಾರ ಔಷಧಿಯೆಂದು ಗೊತ್ತಿರಲಿಲ್ಲ. ನಾಗದೇವ ಪಂಡಿತರು ಒಮ್ಮೆ ತಪ್ಪಲಿ, ನಾಲ್ಕು ಜನ ನಗಲಿ ಎಂದು ಸುಮ್ಮನಿದ್ದೆ."

ಅರಸ ಸಿಂಹಾಸನದಿಂದ ಎದ್ದ. ಅವನ ಕೈ ಕತ್ತಿಯ ಹಿಡಿಯ ಮೇಲಿತ್ತು. ದ್ಯಾಮವ್ವ ಕದಲಲಿಲ್ಲ. ಕೊನೆಗೆ ಅವನು ಕೈ ತೆಗೆದ.

"ಒಂದು ತಿಂಗಳಿಂದ ಕಾಯುತ್ತಿದ್ದೆ," ಎಂದ. "ಒಬ್ಬರಾದರೂ 'ನಾನು' ಎನ್ನಲಿ ಎಂದು. ಮೂರನೆಯದನ್ನು ಕೇಳು. ಮೊದಲೇ ಪೂರ್ತಿ ಕೊಟ್ಟರೆ ಆಮೇಲೆ ತುಸುವೇ ಸಾಕು. ಮೊದಲೇ ತುಸು ಕೊಟ್ಟರೆ ಆಮೇಲೆ ಎಷ್ಟು ಕೊಟ್ಟರೂ ಸಾಲದು. ಏನದು?"

"ಪರಿಚಯ, ಪ್ರಭು. ಮನುಷ್ಯರಿಗೂ ಅಷ್ಟೇ, ಹೆಸರಿಗೂ ಅಷ್ಟೇ. ಓಲೆಯಲ್ಲಿ ಮೊದಲ ಸಲ ಪೂರ್ತಿ ಹೆಸರು ಬರೆದು ಪಕ್ಕದಲ್ಲೇ ಕಿರುಬರಹ ಬರೆಯಲಿ. ಆಮೇಲೆ ಕಿರುಬರಹ ಸಾಕು. ಒಂದು ಹೆಸರಿಗೆ ಒಂದೇ, ನಾಲ್ಕೂ ಶಾಲೆಗೆ ಅದೇ. ಪಟ್ಟಿಯನ್ನು ಹೆಬ್ಬಾಗಿಲಿಗೆ ತೂಗುಹಾಕಿ, ಹೊಸಬರೂ ಓದಲಿ."

ಅರಸ ಬೀಗದಕೈ ತರಿಸಿದ. "ಈ ಇಬ್ಬರ ತಲೆ?" ಎಂದು ಕೇಳಿದ.

ದ್ಯಾಮವ್ವ ನಾಗದೇವನನ್ನು ನೋಡಿದಳು. ಮೆಣಸಿನಕಾಯಿ ಇನ್ನೂ ಅರೆಯುತ್ತಲೇ ಇತ್ತು. "ಬಿಡಿಸಿ, ಪ್ರಭು. ಅವರವರ ಶಾಲೆಯ ಕಿರುಬರಹದ ಮೂಲವೆಲ್ಲ ಆ ತಲೆಗಳಲ್ಲೇ ಇದೆ. ನನ್ನ ಮುಂದೆ ಕೂತು ಒಂದೊಂದಾಗಿ ಹೇಳಲಿ. ಆಕಳಿಸದೆ."

ಅರಮನೆಯ ಕರಣಿಕ ಓಲೆಗರಿ ತೆಗೆದು, "ಭಂಡಾರದ ಒಡತಿಯ ಹೆಸರು, ಮಸಿ..." ಎಂದು ಗೀಚತೊಡಗಿದ. ಅವಳು ಅವನ ಕಂಟದ ಮೇಲೆ ಕೈಯಿಟ್ಟು ತಡೆದಳು.

"ಕಲ್ಲೂರ ಗಾಣಿಗರ ಬಸಲಿಂಗನ ಮಗಳು ದ್ಯಾಮವ್ವ. ಒಮ್ಮೆ ಪೂರ್ತಿ ಬರೆಯಿರಿ. ಆಮೇಲೆ ಮಸಿ ಅನ್ನಿ, ಬೇಜಾರಿಲ್ಲ."

ಕರಣಿಕ ಬರೆದ. ಆ ಗರಿಗೆ ಅವಳೇ ಮಸಿ ತಿಕ್ಕಿದಳು. ಅವಳ ಹೆಬ್ಬೆರಳ ಕೆಳಗೆ ಅವಳ ಹೆಸರು ಮೊದಲ ಸಲ ಎದ್ದು ಬಂತು.